ಒಂದಕ್ಷರದ ತಡ

ಆ ಲಾಂಡ್ರಿಯ ಫೋರ್‌ಮನ್ನನ ಮಾತು ಮೂವತ್ತು ವರ್ಷದಲ್ಲಿ ಒಂದು ಸಲವೂ ಸುಳ್ಳಾಗಿರಲಿಲ್ಲ. ಹಾಗಂತ ಹೇಳುತ್ತಿದ್ದವನು ಫೋರ್‌ಮನ್ನನೇ. ಬೆಳಿಗ್ಗೆ ಬಾಯ್ಲರ್ ಬಿಸಿಯಾಗುವ ಮೊದಲು ಒಮ್ಮೆ, ಊಟದ ಬಿಡುವಿನಲ್ಲಿ ಒಮ್ಮೆ, ಪಾಳಿ ಮುಗಿದು ಜನ ನಲ್ಲಿಯ ಹತ್ತಿರ ಕೈ ತೊಳೆಯಲು ಸಾಲು ನಿಂತಾಗ ಮತ್ತೊಮ್ಮೆ ಹೇಳುತ್ತಿದ್ದ. "ಸೂರ್ಯ ಬೇಕಾದ್ರೆ ಒಂದಿನ ರಜೆ ಹಾಕ್ಲಿ, ನನ್ನ ಮಾತು ತಪ್ಪಲ್ಲ. ಈ ಯಂತ್ರ ಕೆಟ್ಟಿದೆ ಅಂತ ನಾನು ಅಂದ್ಮೇಲೆ ಅದು ಕೆಟ್ಟಿರ್ಲೇಬೇಕು. ಕೆಟ್ಟಿಲ್ದೆ ಇದ್ರೆ ನನ್ನ ಮರ್ಯಾದೆಗಾದ್ರೂ ಕೆಡುತ್ತೆ." ಅದಕ್ಕೇ ಜನ ಅವನಿಗೆ 'ಶಾಸನ' ಎಂದು ಅಡ್ಡಹೆಸರು ಇಟ್ಟಿದ್ದರು. ಕಲ್ಲಿನ ಮೇಲೆ ಕೆತ್ತಿದ ಹಾಗೆ ಮಾತು ಎಂಬ ಅರ್ಥದಲ್ಲಿ. ಅವನಿಗೆ ಅದು ಬಿರುದಿನಷ್ಟು ಇಷ್ಟವಾಗಿತ್ತು.

ಆದರೆ ಈ ಕಥೆ ಶಾಸನನದ್ದಲ್ಲ, ಅವನ ಅಕ್ಕನದು. ಅದೇ ಲಾಂಡ್ರಿಯಲ್ಲಿ ಅವಳಿಗೂ ಒಂದು ಅಡ್ಡಹೆಸರಿತ್ತು: ಅನುಮಾನದಕ್ಕ.

ಅವಳ ಕಿವಿ ಎಂಥದೆಂದರೆ, ಪಕ್ಕದ ಬೀದಿಯಲ್ಲಿ ಸೊಳ್ಳೆ ಆಕಳಿಸಿದರೆ ಇವಳಿಗೆ ಎಚ್ಚರವಾಗುತ್ತಿತ್ತು. ಹಾಲಿಗೆ ತಾನು ಒಡೆಯಬೇಕೆಂದು ಮನಸ್ಸಾಗುವ ಮೊದಲೇ ಇವಳ ಮೂಗಿಗೆ ಸುದ್ದಿ ಮುಟ್ಟುತ್ತಿತ್ತು. ಏಳು ವರ್ಷದವಳಿದ್ದಾಗ ಒಂದು ಬೆಳಿಗ್ಗೆ ಅಡುಗೆಮನೆಯ ಪಾತ್ರೆ ಹಲಗೆಯನ್ನು ದಿಟ್ಟಿಸಿ ನೋಡಿ, "ಅಪ್ಪಾ, ಹಲಗೆಗೆ ಸುಸ್ತಾಗಿದೆ" ಅಂದಳು. ಅಪ್ಪ ನಕ್ಕ. "ಸುಸ್ತಾದ್ರೆ ಸ್ವಲ್ಪ ಹೊತ್ತು ಮಲಗಲಿ ಬಿಡು" ಅಂದ. ನಾಲ್ಕನೇ ದಿನ ಹಲಗೆ ನಿಜವಾಗಿಯೂ ಮಲಗಿತು, ಮನೆಯ ಪಾತ್ರೆಗಳನ್ನೆಲ್ಲ ತಬ್ಬಿಕೊಂಡು, ನೆಲದ ಮೇಲೆ. ಬೈಗುಳ ಬಿದ್ದದ್ದು ಹಲಗೆ ಹೊಡೆದ ಬಡಗಿಗಲ್ಲ, ಅಪ್ಪನಿಗಲ್ಲ, ಇವಳಿಗೆ. "ಬಾಯಿ ಒಳ್ಳೇದಿರ್ಬೇಕು. ನೀನು ಅಂದಿದ್ದಕ್ಕೇ ಬಿತ್ತು!" ಎಂದಳು ಅಮ್ಮ.

ಅಂದೇ ಹುಡುಗಿಗೆ ಪ್ರಪಂಚದ ನ್ಯಾಯ ಅರ್ಥವಾಯಿತು. ಹೇಳಿದ್ದು ಆಗದಿದ್ದರೆ ಸುಳ್ಳಿ, ಆಗಿಬಿಟ್ಟರೆ ಕೆಟ್ಟಬಾಯಿ. ನಡುವೆ ನಿಲ್ಲಲು ಜಾಗ ಇರಲಿಲ್ಲ.

ಆದರೂ ಲಾಂಡ್ರಿಗೆ ಸೇರುವವರೆಗೆ ಅವಳು ಬಾಯಿ ಮುಚ್ಚಿದ್ದು ಒಂದೇ ಒಂದು ಸಲ, ತನ್ನ ಮದುವೆಯ ವಿಷಯದಲ್ಲಿ. ಹುಡುಗ ನೋಡಲು ಬಂದಾಗ ಮುಕ್ಕಾಲು ಗಂಟೆ ಕುಳಿತಿದ್ದ. ಅಷ್ಟು ಹೊತ್ತೂ ಅವನು ನೋಡಿದ್ದು ಇವಳನ್ನಲ್ಲ, ಬಾಗಿಲನ್ನು. "ನಾಚಿಕೆ ಸ್ವಭಾವ" ಅಂದರು ಮನೆಯವರು. ನಾಚಿಕೆಯವರು ನೆಲ ನೋಡುತ್ತಾರಲ್ಲ, ಬಾಗಿಲು ಯಾಕೆ ನೋಡುತ್ತಾರೆ ಎಂದು ಇವಳಿಗೆ ಅನ್ನಿಸಿತು. ಅನ್ನಿಸಿದ್ದನ್ನು ಉಗುಳಿನ ಜೊತೆ ನುಂಗಿದಳು. ನಾಲ್ಕನೇ ವರ್ಷ ಅವನು ಅಂಥದೇ ಒಂದು ಬಾಗಿಲಿನಿಂದ ಹೋದವನು ಇನ್ನೂ ಹೋಗುತ್ತಲೇ ಇದ್ದಾನೆ. ಇಷ್ಟು ಹೊತ್ತಿಗೆ ಭೂಮಿಯನ್ನು ಎರಡು ಸುತ್ತು ಹಾಕಿರಬೇಕು.

ಹಾಗಾಗಿ ಅವಳು ತಮ್ಮನ ಮನೆಗೆ ಬಂದಳು. ಎರಡು ಕೋಣೆಯ ಮನೆ. ಅಡುಗೆಮನೆಗೆ ಅಂಟಿಕೊಂಡ ಸಾಮಾನಿನ ಗೂಡನ್ನು ಇವಳಿಗೆ ಖಾಲಿ ಮಾಡಿಕೊಟ್ಟರು. ಅದಕ್ಕೆ ಕಿಟಕಿ ಇರಲಿಲ್ಲ. ಕಾಲು ಚಾಚಿದರೆ ಬಾಗಿಲು ತಾನಾಗಿ ತೆರೆದುಕೊಳ್ಳುತ್ತಿತ್ತು. ತಮ್ಮ ಆಗ ಲಾಂಡ್ರಿಯಲ್ಲಿ ಮಾಸಿದ ಬಟ್ಟೆ ವಿಂಗಡಿಸುತ್ತಿದ್ದ, ಇವಳಿಗೂ ಅಲ್ಲೇ ಕೆಲಸ ಕೊಡಿಸಿದ. ಕೆಲಸ ಸಿಕ್ಕ ಮೊದಲ ತಿಂಗಳು ಅವಳು ಮಾಡಿದ ಒಂದೇ ವೈಭವವೆಂದರೆ ಆ ಗೂಡಿನ ಬಾಗಿಲಿಗೆ ಒಳಗಿನಿಂದ ಒಂದು ಚಿಲಕ ಹಾಕಿಸಿಕೊಂಡದ್ದು. ಅರಮನೆಯವರಿಗೆ ಸಿಂಹಾಸನ ಹೇಗೋ ಅವಳಿಗೆ ಆ ಚಿಲಕ ಹಾಗೆ. ಲಾಂಡ್ರಿಯ ಕೆಲಸ ಹೋದರೆ ಚಿಲಕವೂ ಹೋಗುತ್ತದೆ, ಮತ್ತೆ ಯಾರದೋ ಮನೆಯ ಸಾಮಾನಾಗಿ ಗೂಡಿನಲ್ಲಿ ಬಿದ್ದಿರಬೇಕಾಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

ಲಾಂಡ್ರಿ ಎಂದರೆ ಮೂಲೆಯಂಗಡಿಯ ಇಸ್ತ್ರಿ ಮೇಜಲ್ಲ. ಊರಿನ ಆಸ್ಪತ್ರೆ, ಹೋಟೆಲು, ವಸತಿಗೃಹಗಳ ಹಾಸಿಗೆ ಬಟ್ಟೆಯೆಲ್ಲ ಲಾರಿಯಲ್ಲಿ ಬಂದು ಇಳಿಯುತ್ತಿತ್ತು. ಎಲ್ಲರೂ ಕೆಲಸ ಮಾಡುವ ದೊಡ್ಡ ಹಾಲಿನ ನಡುವೆ ಒಂದು ರೋಲರ್ ಇತ್ತು. ಮಲಗಿದ ಆನೆಯಷ್ಟು ದಪ್ಪ, ಒಳಗೆಲ್ಲ ಹಬೆ, ಹೊರಗೆ ದಪ್ಪ ಬಟ್ಟೆಯ ಹೊದಿಕೆ. ಒದ್ದೆ ಚಾದರವನ್ನು ಈ ಕಡೆಯಿಂದ ಇಬ್ಬರು ಹೆಂಗಸರು ಒಂದೊಂದು ತುದಿ ಹಿಡಿದು ಅದರ ಬಾಯಿಗೆ ಕೊಟ್ಟರೆ, ಆ ಕಡೆಯಿಂದ ಹಪ್ಪಳದ ಹಾಗೆ ಒಣಗಿ ಹೊರಬರುತ್ತಿತ್ತು. ಅಕ್ಕ ಬಲತುದಿ ಹಿಡಿಯುವವಳು. ಅವಳು ಕೊಟ್ಟ ಚಾದರದ ಮೇಲೆ ಇರುವೆ ನಡೆದರೂ ಜಾರಿ ಬೀಳಬೇಕು, ಅಷ್ಟು ನಯ. ಎಡತುದಿಗೆ ಹನ್ನೆರಡು ವರ್ಷದಿಂದ ನಿಂತವಳು ಅವಳ ತಮ್ಮನ ಹೆಂಡತಿ, ಅಂದರೆ ನಾದಿನಿ. ಅಷ್ಟು ಹೊತ್ತಿಗೆ ತಮ್ಮ ಮೆಟ್ಟಿಲು ಮೆಟ್ಟಿಲು ಹತ್ತಿ ಫೋರ್‌ಮನ್ನನಾಗಿ, ಶಾಸನವೂ ಆಗಿದ್ದ.

ಇಲ್ಲಿ ಅಕ್ಕನ ಕಿವಿಗೆ ಕೈತುಂಬ ಕೆಲಸ. ಗೋಡೆಯ ಮೇಲೆ ಒಂದು ಕೆಂಪು ಹಿಡಿ ಇತ್ತು. ಎಳೆದರೆ ಹಾಲಿನ ಯಂತ್ರಗಳೆಲ್ಲ ನಿಲ್ಲುತ್ತಿದ್ದವು, ಮತ್ತೆ ಹಬೆ ಏರಿ ಕೆಲಸ ಶುರುವಾಗಲು ಮುಕ್ಕಾಲು ಗಂಟೆ ಬೇಕು. ಅಕ್ಕ ವರ್ಷಗಳ ಅಂತರದಲ್ಲಿ ಒಂಬತ್ತು ಸಲ ಅದನ್ನು ಎಳೆದಳು. ಒಂದು ಸಲ ಕೊಳವೆ ಸಿಳ್ಳೆ ಹಾಕುತ್ತಿದೆ ಎಂದು. ಒಂದು ಸಲ ನೀರು ಹಿಂಡುವ ಯಂತ್ರಕ್ಕೆ ಉಬ್ಬಸ ಬಂದಿದೆ ಎಂದು. ಬಿಚ್ಚಿ ನೋಡಿದರೆ ಎಲ್ಲ ಸರಿಯಾಗೇ ಇರುತ್ತಿತ್ತು. ಒಂದೇ ಒಂದು ಸಲ ಮಾತ್ರ ದೊಡ್ಡ ಬೆಲ್ಟನ್ನು ತಿರುಗಿಸಿ ನೋಡಿದಾಗ ಒಳಮೈಯಲ್ಲಿ ಗೆರೆಗೆರೆ ಬಿರುಕು. ಬದಲಾಯಿಸಿದರು.

"ನೋಡಿದ್ಯಾ?" ಅಂದಳು ಅಕ್ಕ.

"ಏನು ನೋಡೋದು? ಇನ್ನೂ ಆರು ತಿಂಗಳು ಬರ್ತಿತ್ತು" ಅಂದ ಶಾಸನ. "ಕಡೀತಾ? ಇಲ್ಲ. ಯಾರಿಗಾದ್ರೂ ಬಡೀತಾ? ಇಲ್ಲ. ಆಗದೇ ಇದ್ದದ್ದಕ್ಕೆ ಸಾಕ್ಷಿ ಎಲ್ಲಿಂದ ತರ್ತೀಯ? ಇದೂ ಸುಳ್ಳೇ."

ಮತ್ತು ತನ್ನ ಬೀರುವಿನ ಬಾಗಿಲ ಒಳಮೈಯಲ್ಲಿ ಸೀಮೆಸುಣ್ಣದಿಂದ ಒಂದು ಗೀಟು ಎಳೆದ. ಅಲ್ಲಿ ಅಕ್ಕನ ಹೆಸರಿನಲ್ಲಿ ಒಂಬತ್ತು ಗೀಟುಗಳಾದವು. ಯಾರಾದರೂ ಹೊಸಬರು ಬಂದರೆ ಬೀರು ತೆರೆದು ತೋರಿಸುತ್ತಿದ್ದ, ಮನೆಯ ಬಂಗಾರ ತೋರಿಸಿದ ಹಾಗೆ.

ಒಂಬತ್ತನೆಯ ಗೀಟು ಬಿದ್ದ ದಿನ ಅವನೊಂದು ಕಾನೂನು ಮಾಡಿದ. ಬಾಗಿಲ ಪಕ್ಕ ಒಂದು ತಗಡಿನ ಡಬ್ಬಿ ತೂಗುಹಾಕಿ, ಕುರ್ಚಿ ಮೇಲೆ ನಿಂತು ಎಲ್ಲರಿಗೂ ಕೂಗಿ ಹೇಳಿದ: "ಇನ್ಮೇಲೆ ಯಾರಿಗೇ ಏನೇ ಅನುಮಾನ ಬರ್ಲಿ, ಚೀಟಿ ಬರ್ದು ಡಬ್ಬಿಗೆ ಹಾಕಿ. ಒಂದೇ ಯಂತ್ರದ ಮೇಲೆ ಮೂರು ಜನರ ಮೂರು ಚೀಟಿ ಬಿದ್ರೆ ನಾನೇ ಹಿಡಿ ಎಳೀತೀನಿ. ಒಬ್ಬರಿಗೆ ಕೇಳ್ಸಿದ್ರೆ ಅದು ಕಿವಿ ದೋಷ, ಇಬ್ಬರಿಗೆ ಕೇಳ್ಸಿದ್ರೆ ಸ್ನೇಹ, ಮೂವರಿಗೆ ಕೇಳ್ಸಿದ್ರೆ ಮಾತ್ರ ಯಂತ್ರದ ದೋಷ." ಆಮೇಲೆ ಅಕ್ಕನ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ತಗ್ಗಿದ ದನಿಯಲ್ಲಿ: "ಮೂರು ಚೀಟಿ ಇಲ್ದೆ ಹಿಡಿ ಮುಟ್ಟಿದೋರು ಅವತ್ತೇ ಗೇಟಿನ ಹೊರಗೆ. ಅಕ್ಕ ಅಂತಾನೂ ನೋಡಲ್ಲ, ಅಜ್ಜಿ ಅಂತಾನೂ ನೋಡಲ್ಲ."

ಜನ ಚಪ್ಪಾಳೆ ತಟ್ಟಿದರು. ಅಕ್ಕನೂ ತಟ್ಟಿದಳು. ಚಿಲಕ ನೆನಪಾಗಿತ್ತು.

ರೋಲರಿನ ಬಾಯಿಯ ಮುಂದೆ, ಬೆರಳಿನ ಎತ್ತರಕ್ಕೆ ಸರಿಯಾಗಿ, ಒಂದು ತೆಳ್ಳನೆಯ ಕಂಬಿ ಅಡ್ಡ ಇತ್ತು. ಅಪ್ಪಿತಪ್ಪಿ ಕೈ ಒಳಗೆ ಹೊರಟರೆ ಮೊದಲು ಆ ಕಂಬಿಗೆ ತಗುಲಬೇಕು, ತಗುಲಿದ ತಕ್ಷಣ ರೋಲರ್ ನಿಲ್ಲಬೇಕು. ದಿನಾ ಬೆಳಿಗ್ಗೆ ಮೊದಲ ಚಾದರ ಕೊಡುವ ಮುಂಚೆ ಅಕ್ಕ ಅಂಗೈಯಿಂದ ಕಂಬಿಗೆ ಒಂದು ಏಟು ಕೊಟ್ಟು ನೋಡುತ್ತಿದ್ದಳು. ಏಟು ಕೊಡುವಾಗ ಬಾಯಲ್ಲಿ "ಒಂದು" ಅನ್ನುವುದು ಅವಳ ಅಭ್ಯಾಸ. 'ಒಂ' ಅನ್ನುವಷ್ಟರಲ್ಲಿ ರೋಲರ್ ನಿಂತಿರುತ್ತಿತ್ತು. 'ದು' ಅನ್ನು ಅವಳು ನಿಂತ ಯಂತ್ರಕ್ಕೆ ಹೇಳುತ್ತಿದ್ದಳು.

ಒಂದು ಸೋಮವಾರ ಬೆಳಿಗ್ಗೆ 'ದು' ಕೂಡ ಮುಗಿದ ಮೇಲೆ ರೋಲರ್ ನಿಂತಿತು.

ಅಕ್ಕ ಮತ್ತೆ ಏಟು ಕೊಟ್ಟಳು. ಒಂದು. ನಿಂತಿತು. ಮತ್ತೊಮ್ಮೆ. ಅಷ್ಟೇ ತಡ. ಅಲ್ಲಿ ನೋಡಲು ಏನೂ ಇರಲಿಲ್ಲ. ಮುರಿದದ್ದಿಲ್ಲ, ಸೋರಿದ್ದಿಲ್ಲ, ಸುಟ್ಟ ವಾಸನೆ ಇಲ್ಲ. ಬರೀ ಒಂದು ಅಕ್ಷರದಷ್ಟು ಹೊತ್ತು ಎಲ್ಲಿಂದಲೋ ಬಂದು ಕೈಗೂ ಯಂತ್ರಕ್ಕೂ ನಡುವೆ ಕೂತಿತ್ತು, ಕರೆಯದೆ ಬಂದ ನೆಂಟನ ಹಾಗೆ.

ಚೀಟಿ ಬರೆದಳು: 'ಕಂಬಿ ಒಂದು ಅಕ್ಷರ ತಡ.' ಡಬ್ಬಿಗೆ ಹಾಕಿದಳು.

ಶಾಸನ ಊಟದ ಬಿಡುವಿನಲ್ಲಿ ಅದನ್ನು ಎಲ್ಲರ ಮುಂದೆ ಓದಿದ. ಸೋಪು ಕಲಸುವ ಮುದುಕ ಇದ್ದನಲ್ಲ, ಎಲ್ಲರೂ ಸೋಪಜ್ಜ ಅನ್ನುತ್ತಿದ್ದರು, ಅವನು ನಕ್ಕು ನಕ್ಕು ಕೆಮ್ಮಿದ. ಬಾಯಿಂದ ನೊರೆ ಬರುವುದೊಂದು ಬಾಕಿ.

"ಅಕ್ಷರ ಅಂದ್ರೆ ಎಷ್ಟು ಇಂಚು ಅಕ್ಕಾ?" ಅಂದ ಶಾಸನ.

"ಇಂಚಲ್ಲ ಕಣೋ. ಒಂದು ಅನ್ನು. ಮೊದಲು 'ಒಂ'ಗೇ ನಿಲ್ತಿತ್ತು. ಈಗ 'ದು' ಮುಗೀಬೇಕು."

"ಅಂದ್ರೆ ನಿನ್ನ ಒಂದು 'ದು'ಗೋಸ್ಕರ ನಾನು ಆಸ್ಪತ್ರೆಯ ಮುನ್ನೂರು ಚಾದರ ನಿಲ್ಲಿಸ್ಬೇಕು. ರೋಗಿಗಳೆಲ್ಲ ಬರೀ ಕಬ್ಬಿಣದ ಮಂಚದ ಮೇಲೆ ಮಲಗ್ಲಿ. ಕೇಳಿದ್ರೆ 'ದು' ಅನ್ನೋಣ."

ಹಾಲೆಲ್ಲ ನಕ್ಕಿತು. ಅಕ್ಕ ತಾನೂ ನಗಲು ನೋಡಿದಳು, ಬಾಯಿ ಒಪ್ಪಲಿಲ್ಲ.

ಆರು ತಿಂಗಳಿಗೊಮ್ಮೆ ಬರುವ ಮೆಕ್ಯಾನಿಕ್ ಅದೇ ವಾರ ಬಂದ. ಅವನ ಕೈಯಲ್ಲಿ ಒಂದು ಹಾಳೆ. ಅದರಲ್ಲಿ ಕಂಬಿಯ ಎದುರು ಎರಡೇ ಚೌಕ: 'ನಿಲ್ಲುತ್ತದೆ', 'ನಿಲ್ಲುವುದಿಲ್ಲ'. ಕೋಲಿನಿಂದ ಕಂಬಿಗೆ ತಟ್ಟಿದ. ರೋಲರ್ ನಿಂತಿತು. ಮೊದಲ ಚೌಕಕ್ಕೆ ಗುರುತು ಹಾಕಿದ.

"ತಡವಾಗಿ ನಿಲ್ತಿದೆಯಲ್ಲಪ್ಪ" ಅಂದಳು ಅಕ್ಕ.

ಅವನು ಹಾಳೆಯನ್ನು ಅವಳ ಮೂಗಿಗೇ ಹಿಡಿದ. "ತೋರ್ಸಮ್ಮಾ, 'ತಡವಾಗಿ' ಅನ್ನೋ ಚೌಕ ಎಲ್ಲಿದೆ? ಇದ್ರೆ ನಾನೇ ತುಂಬ್ತೀನಿ."

ಚೌಕ ಇರಲಿಲ್ಲ. ಪ್ರಪಂಚದಲ್ಲಿ ಆ ಚೌಕ ಎಲ್ಲೂ ಇಲ್ಲ.

ಆಮೇಲಿನ ದಿನಗಳಲ್ಲಿ ಅಕ್ಕ ಎರಡನೆಯ ಚೀಟಿಗಾಗಿ ಮನೆ ಮನೆ ತಿರುಗುವ ಭಿಕ್ಷುಕಿಯ ಹಾಗೆ ಹಾಲಿನಲ್ಲಿ ತಿರುಗಿದಳು. ಸೋಪಜ್ಜನ ಹತ್ತಿರ ಹೋಗಿ, "ಅಜ್ಜಾ, ನೀನೇ ಒಂದ್ಸಲ ಕೇಳಿ ನೋಡು" ಅಂದಳು. ಮುದುಕ ಬಂದು ಕಂಬಿ ತಟ್ಟಿದ, ತಲೆ ಓರೆ ಮಾಡಿದ, ಮತ್ತೆ ತಟ್ಟಿದ. ಅವನ ಮುಖದಲ್ಲಿ ಏನೋ ಸಣ್ಣಗೆ ಮಿಸುಕಿತು. ಆದರೆ ಬಾಯಿ ಅಂದದ್ದು ಬೇರೆ: "ನನ್ನ ಕಿವಿ ಮುದಿ ಕಿವಿ ತಾಯಿ. ಇನ್ಯಾರಾದ್ರೂ ಬರೀಲಿ, ಆಮೇಲೆ ನಂದೂ ಸೇರಿಸ್ತೀನಿ." ಮಡಿಸುವ ಮೇಜಿನವರನ್ನು ಕೇಳಿದರೆ, "ಅಜ್ಜ ಬರೆದ್ರೆ ನಾವೂ ಬರೀತೀವಿ" ಅಂದರು. ಅಜ್ಜನ ಹತ್ತಿರ ಮತ್ತೆ ಬಂದರೆ, "ಮೇಜಿನೋರು ಬರೆದ್ರಾ?" ಅನ್ನುತ್ತಿದ್ದ. ಎಲ್ಲರೂ ಒಬ್ಬರ ಬೆನ್ನ ಹಿಂದೆ ಒಬ್ಬರು ಸಾಲು ನಿಂತಿದ್ದರು. ಸಾಲಿನ ಮುಂದೆ ಯಾರೂ ಇರಲಿಲ್ಲ, ಅನುಮಾನದಕ್ಕನೊಬ್ಬಳ ಹೊರತು. ಅವಳ ಹಿಂದೆ ನಿಲ್ಲಲು ಯಾರಿಗೆ ಮನಸ್ಸು? ಹತ್ತನೆಯ ಗೀಟಿನಲ್ಲಿ ತಮ್ಮದೂ ಪಾಲು ಯಾಕೆ?

ಎರಡನೆಯ ವಾರ ಇನ್ನೊಂದು ಸಂಗತಿ ನಡೆಯಿತು. ಶಾಸನ ತನ್ನ ಹೆಂಡತಿಯನ್ನು ರೋಲರಿನಿಂದ ಎಬ್ಬಿಸಿ ಮಡಿಸುವ ಮೇಜಿಗೆ ಕಳಿಸಿದ. "ಪಾಪ, ಬೆನ್ನುನೋವು ಅವಳಿಗೆ" ಎಂದು ಎಲ್ಲರಿಗೂ ಹೇಳಿದ. ಎಡತುದಿಗೆ ಹೊಸಬಳೊಬ್ಬಳು ಬಂದಳು. ಬಾಯಿಲ್ಲದವಳು. ಚಾದರದ ಜೊತೆ ಅವಳನ್ನೂ ಒಳಗೆ ಕೊಟ್ಟರೂ ಸುಮ್ಮನೆ ಮಡಿಸಿಕೊಂಡು ಹೊರಬರುವಂಥವಳು.

ಅಕ್ಕನಿಗೆ ಅಲ್ಲೇ ಚುರ್ ಅಂದಿತು. ಒಂದೇ ಮನೆಯಲ್ಲಿ ಇರುವವಳು ಅವಳು. ನಾದಿನಿ ಹಿಂದಿನ ಸಂಜೆಯಷ್ಟೇ ನೀರು ತುಂಬಿದ ಡ್ರಮ್ಮನ್ನು ಒಬ್ಬಳೇ ಹಿತ್ತಲಿಂದ ಬಚ್ಚಲಿಗೆ ಉರುಳಿಸಿದ್ದನ್ನು ಕಣ್ಣಾರೆ ಕಂಡಿದ್ದಳು. ಆ ಬೆನ್ನಿಗೆ ನೋವು ಬರಬೇಕಾದರೆ ಅದರ ಮೇಲೆ ಲಾರಿ ಹತ್ತಬೇಕು.

"ಬೆನ್ನು ಹೇಗಿದೆ?" ಎಂದು ರಾತ್ರಿ ಊಟಕ್ಕೆ ಕೂತಾಗ ಕೇಳಿದಳು.

"ಹ್ಞೂಂ ಅತ್ತಿಗೆ. ಇದೆ" ಅಂದಳು ನಾದಿನಿ, ತಟ್ಟೆ ನೋಡುತ್ತ. ಶಾಸನ ಬಾಗಿಲ ಕಡೆ ನೋಡಿದ. ಬಾಗಿಲು ನೋಡುವ ಗಂಡಸರ ವಿಷಯದಲ್ಲಿ ಅಕ್ಕನಿಗೆ ಅನುಭವ ಸಾಕಷ್ಟಿತ್ತು.

ಅನ್ನಿಸಿತು, ಕೇಳಲಿಲ್ಲ. ಈಗಾಗಲೇ ಒಂಬತ್ತು ಗೀಟು. ಅದೂ ಅಲ್ಲದೆ ಬೇರೆ ಒಂದು ರೋಗ ಅವಳಿಗೆ ಅಂಟಿಕೊಳ್ಳುತ್ತಿತ್ತು. ಊರೆಲ್ಲ ನಿನಗೆ ಹುಚ್ಚು ಅಂದರೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ಅಳು ಬರುತ್ತದೆ, ಕೊನೆಗೆ, ಇರಬಹುದೇನೋ ಅನ್ನಿಸತೊಡಗುತ್ತದೆ. ಬೆಳಿಗ್ಗೆ ಕಂಬಿ ತಟ್ಟುವಾಗ ಅವಳು 'ಒಂದು' ಅನ್ನುವುದನ್ನೇ ಬಿಟ್ಟಳು. ಬಾಯಿ ಬಿಗಿಹಿಡಿದು ತಟ್ಟುತ್ತಿದ್ದಳು. ರೋಲರ್ ನಿಲ್ಲುತ್ತಿತ್ತು. ನಿಂತಿತಲ್ಲ, ಸಾಕು, ಎಂದುಕೊಳ್ಳುತ್ತಿದ್ದಳು. ಹೀಗೆ ವಯಸ್ಸು ಐವತ್ತು ದಾಟಿದ ಮೇಲೆ ಅವಳು ಎಲ್ಲರಂತೆ ಬುದ್ಧಿವಂತೆಯಾಗಲು ಕಲಿತಳು.

ಆರನೆಯ ವಾರದ ಗುರುವಾರ ಬೆಳಿಗ್ಗೆ ಕಂಬಿ ತಟ್ಟಿದಾಗ ಅವಳ ಬಾಯಿ ಮುಚ್ಚಿಯೇ ಇತ್ತು. ಆದರೆ ಹೊಟ್ಟೆಯೊಳಗೆ ಯಾರೋ ಎಣಿಸಿದರು: ಒಂದು, ಎರ... ಆಗ ನಿಂತಿತು ರೋಲರ್.

ಕೈ ತಾನಾಗಿ ಮೇಲೆದ್ದು ಗೋಡೆಯ ಕೆಂಪು ಹಿಡಿಯ ಕಡೆ ಹೋಯಿತು. ಅರ್ಧ ದಾರಿ ಹೋಗಿತ್ತು. ಅಷ್ಟರಲ್ಲಿ ಸೋಪಜ್ಜ ನೋಡಿದ. "ಬಂತಪ್ಪೋ ಹತ್ತನೇದು!" ಎಂದು ಕೂಗಿದ. ಹಾಲೆಲ್ಲ ತಿರುಗಿತು. ನಗಲು ತಯಾರಾಗಿ ನಿಂತ ನಲವತ್ತು ಬಾಯಿಗಳು. ತಮ್ಮ ತನ್ನ ಗಾಜಿನ ಕೋಣೆಯಿಂದ ಸುಮ್ಮನೆ ಬೀರುವಿನ ಬಾಗಿಲು ತೆರೆದ. ಸೀಮೆಸುಣ್ಣ ಅಲ್ಲೇ ಇರುತ್ತಿತ್ತು.

ಅಕ್ಕನ ಕೈ ದಾರಿ ಬದಲಿಸಿ ತಲೆಗೂದಲು ಸರಿಮಾಡಿಕೊಂಡಿತು.

ಆದರೆ ಒಂದು ಕೆಲಸ ಮಾಡಿದಳು. ಹೊಸಬಳಿಗೆ, "ನೀನು ತುದಿ ಹಿಡಿದು ನನಗೆ ಕೊಡು, ಬಾಯಿಗೆ ಕೊಡೋದು ಎರಡೂ ಕಡೆ ನಾನೇ ನೋಡ್ಕೋತೀನಿ. ನೀನು ನೆಲದ ಮೇಲಿನ ಆ ಗೆರೆ ದಾಟಬೇಡ" ಅಂದಳು. "ಯಾಕಕ್ಕಾ?" ಎಂದಿತು ಆ ಹೆಣ್ಣು. "ನಿನಗಿನ್ನೂ ಕೈ ಕುದುರಿಲ್ಲ" ಅಂದಳು. ಅವತ್ತು ಅವಳು ಹೇಳಿದ ಮಾತುಗಳಲ್ಲಿ ನಿಜವಾದ ಸುಳ್ಳು ಅದೊಂದೇ.

ಹನ್ನೊಂದು ಗಂಟೆಯ ಸುಮಾರಿಗೆ ಒಂದು ಚಾದರ ಬಂತು, ಅಂಚಿನ ಹೊಲಿಗೆ ಬಿಟ್ಟು ನೂಲು ಕುಣಿಕೆಯಾಗಿದ್ದದ್ದು. ಕುಣಿಕೆ ಬಲಗೈಯ ಕೊನೆಯ ಎರಡು ಬೆರಳಿಗೆ ಸಿಕ್ಕಿತು. ಬೆರಳು ಕಂಬಿಗೆ ತಗುಲಿತು. ಕಂಬಿ ತನ್ನ ಕೆಲಸ ಮಾಡಿತು. ರೋಲರೂ ನಿಂತಿತು. ಮೆಕ್ಯಾನಿಕ್‌ನ ಹಾಳೆ ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ತಪ್ಪಿದ್ದೆಲ್ಲ ಆ ಹಾಳೆ ಹೇಳದ ಅಕ್ಷರದಲ್ಲಿತ್ತು.

ಅವಳು ಕೂಗಲಿಲ್ಲವಂತೆ. ಕೂಗಿದವಳು ಹೊಸಬಳು. ಶಾಸನ ಗಾಜಿನ ಕೋಣೆಯಿಂದ ಓಡಿ ಬಂದು, ಕೆಂಪು ಹಿಡಿ ಎಳೆದು, ಬಿಳುಚಿದ ಮುಖದಲ್ಲಿ ಎಲ್ಲರಿಗೂ ಕೇಳುವ ಹಾಗೆ ಘೋಷಿಸಿದ: "ಈ ರೋಲರ್ ಕೆಟ್ಟಿದೆ!"

ಅವನ ಮಾತು ಆ ಸಲವೂ ಸುಳ್ಳಾಗಲಿಲ್ಲ. ಶಾಸನವನ್ನು ಕೆತ್ತುವುದು ಯಾವಾಗಲೂ ಯುದ್ಧ ಮುಗಿದು, ಹದ್ದುಗಳೂ ಉಂಡು ಬಾಯಿ ಒರೆಸಿಕೊಂಡ ಮೇಲೆ. ಅಷ್ಟು ವರ್ಷವೂ ಅವನು ಕೆಟ್ಟದ್ದನ್ನೇ ಕೆಟ್ಟಿದೆ ಅಂದಿದ್ದ, ಒಡೆದದ್ದನ್ನೇ ಒಡೆದಿದೆ ಅಂದಿದ್ದ. ಅದು ಎಂದಾದರೂ ತಪ್ಪುವುದುಂಟೆ?

ಮಾರನೆಯ ದಿನ ಬೆಳಿಗ್ಗೆ ತಗಡಿನ ಡಬ್ಬಿಯ ಮುಚ್ಚಳ ಹಾಕಲು ಆಗಲಿಲ್ಲ. ಒಳಗೆ ಹದಿನೇಳು ಚೀಟಿಗಳಿದ್ದವು. 'ಕಂಬಿ ತಡವಾಗುತ್ತದೆ ಎಂದು ನನಗೆ ತಿಂಗಳ ಹಿಂದೆಯೇ ಅನ್ನಿಸಿತ್ತು.' 'ನನಗೂ ಅನುಮಾನ ಇತ್ತು.' 'ಅಕ್ಕ ಹೇಳಿದ್ದು ಸರಿ.' ಸೋಪಜ್ಜನದು ಎರಡು ಚೀಟಿ, ಒಂದರಲ್ಲಿ ಹೆಬ್ಬೆಟ್ಟು, ಇನ್ನೊಂದರಲ್ಲಿ ಸಹಿ. ಬೇಕಾಗಿದ್ದದ್ದು ಮೂರು. ಹಾಲಿನಲ್ಲಿ ಗೊತ್ತಿಲ್ಲದವರೇ ಇರಲಿಲ್ಲ. ಎಲ್ಲರ ಕಿವಿಯೂ ಕೇಳಿತ್ತು, ಎಲ್ಲರೂ ಪಕ್ಕದವರ ಕಿವಿಯನ್ನು ಕಾಯುತ್ತಿದ್ದರು.

ಆಸ್ಪತ್ರೆಯಲ್ಲಿ ಅಕ್ಕನನ್ನು ಮಲಗಿಸಿದ ಮಂಚದ ಚಾದರದ ಮೂಲೆಯಲ್ಲಿ ಲಾಂಡ್ರಿಯ ನೀಲಿ ಮುದ್ರೆ ಇತ್ತು. ಎಡಗೈಯಿಂದ ಸವರಿ ನೋಡಿದಳು. ಇರುವೆ ಜಾರುವಷ್ಟು ನಯ. ತನ್ನದೇ ಕೈಯಿಂದ ಹೋದದ್ದು.

ನಾದಿನಿ ಬಂದು ಮಂಚದ ಕೆಳಗೆ ಕೂತಳು. ಕುರ್ಚಿ ಖಾಲಿಯೇ ಇತ್ತು. "ಅತ್ತಿಗೆ, ನನಗೆ ಬೆನ್ನುನೋವು ಇರ್ಲಿಲ್ಲ" ಅಂದಳು.

"ಗೊತ್ತು."

"ನಿಮ್ಮ ಚೀಟಿ ಓದಿದ್ಮೇಲೆ ಒಂದಿನ ಎಲ್ರಿಗಿಂತ ಮುಂಚೆ ಬಂದು ಅವರೇ ಕಂಬಿ ತಟ್ಟಿ ನೋಡಿದ್ರು. ನಾನೂ ಜೊತೆಗಿದ್ದೆ. 'ಒಂದು' ಅಂದ್ರು. ಅದು ಪೂರ್ತಿ ಮುಗಿದ ಮೇಲೇ ರೋಲರ್ ನಿಂತಿದ್ದು. ಮನೆಗೆ ಬಂದು, ನಾಳೆಯಿಂದ ನೀನು ಮಡಿಸೋ ಮೇಜಿಗೆ ಹೋಗು ಅಂದ್ರು. ಯಾಕೆ ಅಂದೆ. ಸುಮ್ನೆ, ಒಂದು ಅನುಮಾನ ಅಂದ್ರು."

ಅಕ್ಕ ಕಣ್ಣು ಮುಚ್ಚಿಕೊಂಡಳು. "ನೀನು ಚೀಟಿ ಬರೀಬಹುದಿತ್ತು."

"ಬರ್ದಿದ್ದೆ ಅತ್ತಿಗೆ. ಎಪ್ರನ್ ಜೇಬಲ್ಲೇ ಇತ್ತು. ಅವರ ಮಾತು ಸುಳ್ಳಾಗುತ್ತಲ್ಲ ಅಂತ..." ನಾದಿನಿ ಅಳತೊಡಗಿದಳು. "ತಪ್ಪಾಯ್ತು."

"ಅಳಬೇಡ. ಹಾಗೆ ನೋಡಿದ್ರೆ ನನ್ನ ಕೈಯೂ ಅವತ್ತು ಹಿಡಿ ಹತ್ತಿರ ಹೋಗಿ ವಾಪಸ್ ಬಂತು" ಅಂದಳು ಅಕ್ಕ. "ನಿಮ್ಮೆಲ್ಲರ ನಗು ನನಗೂ ಅಂಟಿತ್ತು ಕಣೇ. ಆ ಸಿಟ್ಟು ನನಗೆ ನನ್ನ ಮೇಲೇ ಇದೆ. ನಿನಗೆ ಕೊಡೋಕೆ ಮಿಕ್ಕಿಲ್ಲ."

ಗಾಯ ಮಾಗಿತು. ಹೊಸ ರೋಲರ್ ಬಂತು. ಅದರ ಕಂಬಿಗೆ ಎರಡೆರಡು ಕಾವಲು, ಉಸಿರು ತಗುಲಿದರೆ ನಿಲ್ಲುವಂಥದ್ದು. ಅಕ್ಕನನ್ನು ಬಾಗಿಲ ಹತ್ತಿರದ ಕಟ್ಟೆಗೆ ಹಾಕಿದರು. ಬಂದ ಗಂಟುಗಳಿಗೆ ಎಡಗೈಯಿಂದ ಚೀಟಿ ಪಿನ್ ಮಾಡುವ ಕೆಲಸ. ಚಿಲಕ ಉಳಿಯಿತು. ಮೊದಮೊದಲು ಅದನ್ನು ಹಾಕುವಾಗ ಬಲಗೈ ಮುಂದೆ ಹೋಗಿ, ಹಿಡಿತ ಸಿಗದೆ ತಡವರಿಸುತ್ತಿತ್ತು. ಆಮೇಲೆ ಅದೂ ಕಲಿತುಕೊಂಡಿತು. ಅಪಘಾತದ ವಿಚಾರಣೆಗೆ ಬಂದವರ ಮುಂದೆ ಶಾಸನ, "ನಿಯಮದ ಪ್ರಕಾರ ಅವತ್ತಿನವರೆಗೆ ಒಂದೇ ಚೀಟಿ ಬಂದಿತ್ತು" ಎಂದು ಡಬ್ಬಿ ತೋರಿಸಿದ. ಅದೂ ನಿಜವೇ. ಬಂದವರು ತಲೆದೂಗಿ, ನಿಯಮ ಬಹಳ ಚೆನ್ನಾಗಿದೆ ಎಂದು ಬರೆದುಕೊಂಡು ಹೋದರು.

ಬೀರುವಿನ ಒಳಗಿನ ಒಂಬತ್ತು ಗೀಟುಗಳನ್ನು ಯಾರೂ ಅಳಿಸಲಿಲ್ಲ. ಹತ್ತನೆಯದನ್ನು ಎಳೆಯಲೂ ಇಲ್ಲ. ಹಿಡಿ ಎಳೆದಿದ್ದರೆ ತಾನೆ?

ಮುಂದಿನ ವರ್ಷ ಶಾಸನನ ಮೂವತ್ತು ವರ್ಷದ ಸೇವೆಗೆ ಹಾಲಿನಲ್ಲೇ ಒಂದು ಸಣ್ಣ ಸಮಾರಂಭವಾಯಿತು. ಮಾಲೀಕರು ಬಂದು ಗೋಡೆ ಗಡಿಯಾರ ಕೊಟ್ಟರು. ಅದು ಐದು ನಿಮಿಷ ಹಿಂದೆ ಇತ್ತು. ಅಕ್ಕನಿಗೆ ದೂರದಿಂದಲೇ ಗೊತ್ತಾಯಿತು, ಯಾರಿಗೂ ಹೇಳಲಿಲ್ಲ. ಶಾಸನ ಹೊಸ ರೋಲರಿಗೆ ಒರಗಿ ನಿಂತು ಭಾಷಣ ಮಾಡಿದ. ಮಾತು ತಪ್ಪದ ಮೂವತ್ತು ವರ್ಷ, ಸೂರ್ಯನ ರಜೆ, ಎಲ್ಲ ಬಂದು ಹೋದವು. ಜನ ನಕ್ಕಾಗ ಅವನಿಗೆ ಇನ್ನಷ್ಟು ಹುರುಪು ಬಂತು.

"ನಮ್ಮಕ್ಕ ಇಲ್ಲೇ ಇದ್ದಾಳೆ, ಕೇಳಿ ಬೇಕಾದ್ರೆ" ಅಂದ. "ನನಗೆ ಅವಳ ಮೇಲೆ ಪ್ರಾಣ. ಆದ್ರೆ ನ್ಯಾಯ ನ್ಯಾಯಾನೇ. ಅವಳ ಅನುಮಾನಗಳಲ್ಲಿ ಹತ್ತಕ್ಕೆ ಒಂಬತ್ತು ಸುಳ್ಳು, ಗೀಟು ಇನ್ನೂ ಇವೆ. ನನ್ನ ಮಾತಲ್ಲಿ ಒಂದೂ ಸುಳ್ಳಿಲ್ಲ. ಏನಕ್ಕಾ, ಸುಳ್ಳಾ ನಾನು ಹೇಳೋದು?"

ಅಕ್ಕ ಕಟ್ಟೆಯ ಹಿಂದಿನಿಂದ ಎದ್ದಳು. ಕೈಯಲ್ಲಿದ್ದ ಪಿನ್ನುಗಳನ್ನು ಒಂದೊಂದಾಗಿ ಪಿನ್ನಿನ ಡಬ್ಬಿಗೆ ಹಾಕಿ, ಮುಚ್ಚಳ ಮುಚ್ಚಿದಳು.

"ಇಲ್ಲಪ್ಪ, ನೀನು ಹೇಳಿದ್ದು ಪೂರ್ತಿ ನಿಜ" ಅಂದಳು. "ನನ್ನ ಒಂಬತ್ತು ಸುಳ್ಳಿನ ದಿನಾನೂ ಸಂಜೆ ಎಲ್ಲರೂ ಹತ್ತು ಬೆರಳು ತಗೊಂಡು ಮನೆಗೆ ಹೋದ್ರು. ನಿನ್ನ ನಿಜದ ದಿನ ನಾನು ಎಂಟು ತಗೊಂಡು ಹೋದೆ."